ಜಗಳಕ್ಕೆ ಸಿಕ್ಕ ರಿಯಾಯಿತಿ

ಡೆಲ್ಮರ್ ವೊಸಿಕನಿಗೆ ಬದುಕಿದ್ದವರ ಮನೆಗಿಂತ ಸತ್ತವರ ಮನೆಯ ಪರಿಚಯವೇ ಹೆಚ್ಚು. ನೆಬ್ರಾಸ್ಕದ ನಮ್ಮ ಲಿಂಡೆನ್ ಫೋರ್ಕ್ ಸುತ್ತಮುತ್ತ ಯಾವ ರೈತ ಕಣ್ಣು ಮುಚ್ಚಿದರೂ, ಆಸ್ತಿ ಒಂದಿಷ್ಟು ದೊಡ್ಡದೆಂದರೆ, ಹೂಳಿ ಬಂದ ಪಾದ್ರಿಯ ಹಿಂದೆಯೇ ಇವನ ಟ್ರಕ್ಕು ಅಂಗಳಕ್ಕೆ ಬಂದು ನಿಲ್ಲುತ್ತಿತ್ತು. ಉಸಿರು ನಿಂತ ದಿನ ಆ ಮನುಷ್ಯನದು ಅಂತ ಏನೇನಿತ್ತೋ ಅದಕ್ಕೆಲ್ಲ ಬೆಲೆ ಕಟ್ಟಿ ಬರೆಯುವುದು ಅವನ ಕಸುಬು. ನೆಲ, ದನ, ಟ್ರ್ಯಾಕ್ಟರು, ಕಣಜದ ಮೆಕ್ಕೆಜೋಳ, ಗೋಡೆಯ ಗಡಿಯಾರ, ಸತ್ತಿದ್ದಕ್ಕೇ ಬರುವ ವಿಮೆಯ ಹಣ, ಯಾವುದನ್ನೂ ಬಿಡುವಂತಿಲ್ಲ. ಎಲ್ಲ ಸೇರಿ ಒಂದು ಮಿತಿ ದಾಟಿತೋ, ವಾಷಿಂಗ್ಟನ್ ಸರ್ಕಾರಕ್ಕೆ ಒಂಬತ್ತು ತಿಂಗಳೊಳಗೆ ಲೆಕ್ಕ ಒಪ್ಪಿಸಿ ತೆರಿಗೆ ಕಟ್ಟಬೇಕು. ಹುಟ್ಟಿ ಬರೋದಕ್ಕೂ ಒಂಬತ್ತು ತಿಂಗಳು, ಸತ್ತು ಮುಗಿಸೋದಕ್ಕೂ ಒಂಬತ್ತು ತಿಂಗಳು ಎಂದು ಡೆಲ್ಮರ್ ತಮಾಷೆ ಮಾಡುತ್ತಿದ್ದ. ಮೂವತ್ತು ವರ್ಷ ಅದೇ ತಮಾಷೆ ಕೇಳಿದ ಮೇಲೆ ಅವನ ಹೆಂಡತಿ ಕೂಡ ನಗುವುದನ್ನು ಬಿಟ್ಟಿದ್ದಳು.

ಅವನಿಗೆ ಸಾವು ಕಂಡರೆ ಅಸಹ್ಯವಿರಲಿಲ್ಲ. ಹೊಟ್ಟೆ ತೊಳಸುತ್ತಿದ್ದದ್ದು ಉಳಿದವರನ್ನು ಕಂಡು. ಅವನು ಹೋಗುವ ಹೊತ್ತಿಗೆ ಗೋಡೆಯ ಮೇಲೆ ಚಿತ್ರಪಟಗಳಿರುತ್ತಿರಲಿಲ್ಲ, ಚಿತ್ರಪಟವಿದ್ದ ಜಾಗದ ಬಿಳೀ ಚೌಕ ಇರುತ್ತಿತ್ತು. ಬಂದೂಕಿನ ಬೀರುವಿನಲ್ಲಿ ಧೂಳಿನ ನಡುವೆ ಆರು ಉದ್ದನೆಯ ಗೆರೆಗಳು ಮಾತ್ರ. ಬಂದೂಕೆಲ್ಲಿ ಎಂದರೆ ‘ಬೇಟೆಗೆ ಹೋಗಿವೆ’ ಎನ್ನುವುದು ನಮ್ಮ ಕಡೆಯ ರೂಢಿಯ ಉತ್ತರ. ಅಪ್ಪನ ಮಣ್ಣಿಗೆ ಬಂದ ಮಕ್ಕಳ ಕಾರಿನ ಡಿಕ್ಕಿಯೇ ಆ ಕಾಡು. ಇನ್ನು ನೆಲದ ಮಾತು ಬಂದರೆ, ತೆರಿಗೆ ಲೆಕ್ಕಕ್ಕೆ ಅದು ಜೌಗು, ಮುಳ್ಳುಗಿಡ, ಕಾಗೆ ಕೂಡ ಇಳಿಯದ ನೆಲ. ಅದೇ ನೆಲವನ್ನು ಅಣ್ಣತಮ್ಮಂದಿರು ಹಂಚಿಕೊಳ್ಳುವಾಗ ಚಿನ್ನ. ಒಂದೇ ಬಾಯಿ, ಒಂದೇ ವಾರ. ಡೆಲ್ಮರ್ ಎರಡನ್ನೂ ಕೇಳಿಸಿಕೊಂಡು, ಅಂಗಳದ ನಲ್ಲಿಯಲ್ಲಿ ಕೈ ತೊಳೆದುಕೊಂಡು, ಟ್ರಕ್ಕು ಹತ್ತುತ್ತಿದ್ದ.

ಹಾಗಂತ ಅವನನ್ನು ಸಾಚಾ ಅಂದುಕೊಳ್ಳಬೇಡಿ. ಕೈ ತೊಳೆದುಕೊಂಡ ಮೇಲೆ ಅದೇ ಕೈಯಲ್ಲಿ ತನ್ನ ಸಂಬಳದ ಚೆಕ್ಕನ್ನೂ ಇಸ್ಕೊಳ್ಳುತ್ತಿದ್ದ. ಜನ ಕೇಳಿದ ಬೆಲೆಯನ್ನೇ ಬರೆಯುತ್ತಿರಲಿಲ್ಲ ನಿಜ, ಆದರೆ ಜನರಿಗೆ ಬೇಡವಾದ ಬೆಲೆಯನ್ನೂ ಅವನು ಬರೆದದ್ದು ಕಡಿಮೆ. ಸುಳ್ಳಿಗೂ ನಿಜಕ್ಕೂ ನಡುವೆ ಒಂದು ಅಗಲವಾದ ಜಗಲಿ ಇದೆ, ಅದರ ಮೇಲೆ ಕಾಲು ಚಾಚಿ ಕೂತರೆ ಯಾವ ತಂಟೆಯೂ ಇಲ್ಲ ಎಂದು ಅವನು ಕಲಿತಿದ್ದ.

ಎಮಿಲ್ ಹ್ರುಜ ಸತ್ತದ್ದು ತೊಂಬತ್ತೊಂಬತ್ತನೇ ಇಸವಿಯ ಮಾರ್ಚಿನಲ್ಲಿ, ಅಂಗಳದ ಕೊಳವೆಬಾವಿಯ ಮೋಟಾರು ನೋಡಲು ಹೋದವನು ಅಲ್ಲೇ ಕುಸಿದು. ಮುನ್ನೂರಿಪ್ಪತ್ತು ಎಕರೆ ನೆಲ, ಅದರ ಮೂಲೆಯಲ್ಲಿ ಮನೆ, ಅಡುಗೆಮನೆ ಬಾಗಿಲಿನಿಂದ ಇಪ್ಪತ್ತು ಹೆಜ್ಜೆಗೆ ಆ ಬಾವಿ. ಹೊಲಕ್ಕೆಲ್ಲ ಅದೊಂದೇ ನೀರು. ಚಕ್ರಗಳ ಮೇಲೆ ನಡೆಯುವ ಉದ್ದನೆಯ ಕೊಳವೆ ಗಡಿಯಾರದ ಮುಳ್ಳಿನ ಹಾಗೆ ಹೊಲವನ್ನು ಸುತ್ತಿ ನೀರು ಚಿಮುಕಿಸುತ್ತದೆ. ನೆಲ ಎಮಿಲ್ ಮತ್ತು ಅವನ ಅಕ್ಕ ಲಿಬ್ಬಿ ಇಬ್ಬರ ಹೆಸರಿನಲ್ಲಿತ್ತು, ಅರ್ಧರ್ಧ, ನಡುವೆ ಗೆರೆ ಎಳೆಯದ ಪಾಲು. ಇದರ ಮೇಲೆ ಎಮಿಲ್‌ಗೆ ನದಿಯಾಚೆ ಸ್ವಂತ ನೆಲವಿತ್ತು, ದನಗಳಿದ್ದವು, ವಿಮೆಯಿತ್ತು. ಎಲ್ಲ ಸೇರಿ ಮಿತಿ ದಾಟಿತು.

ಎಮಿಲ್‌ನ ಹೆಂಡತಿ ತೀರಿಹೋದಾಗ ಮಗ ಗೇಲೆನ್‌ಗೆ ನಾಲ್ಕು ವರ್ಷ, ಮಗಳು ಡಾರ್ಲಾಗೆ ಎರಡು. ಮದುವೆಯಾಗಬೇಕಿದ್ದ ಲಿಬ್ಬಿ ಮದುವೆಯ ಮಾತು ಬಿಟ್ಟು ಆ ಮಕ್ಕಳ ಮೂಗು ಒರೆಸಿದಳು. ನಲವತ್ತು ವರ್ಷ ಅಕ್ಕ ತಮ್ಮ ಒಂದೇ ಸೂರಿನಡಿ ಇದ್ದರು. ಪ್ರತಿ ಚಳಿಗಾಲದಲ್ಲೂ ಬೀಜದ ಅಂಗಡಿಯವರು ಕೊಟ್ಟ ಕ್ಯಾಲೆಂಡರಿನ ಹಿಂದೆ ಮುಂದಿನ ವರ್ಷ ಏನು ಬಿತ್ತುವುದೆಂದು ಅವಳು ಬರೆಯುತ್ತಿದ್ದಳು, ಅವನು ಹೂಂ ಎನ್ನುತ್ತಿದ್ದ. ಎಮಿಲ್ ಸತ್ತಾಗ ಅವಳಿಗೆ ಎಪ್ಪತ್ತೆಂಟು. ತನ್ನ ಅರ್ಧವನ್ನೂ ಆ ಮಕ್ಕಳಿಗೇ ಬರೆದಿಟ್ಟಿದ್ದಳು.

ಮಕ್ಕಳು ಹಿಡಿದ ವಕೀಲ ಸ್ಟರ್ಜಿಸ್, ಡೆಲ್ಮರ್‌ನನ್ನು ಕಚೇರಿಗೆ ಕರೆಸಿದ. ಅವನು ಹೇಳಿದ್ದರಲ್ಲಿ ಡೆಲ್ಮರ್‌ಗೆ ಹೊಸದೇನೂ ಇರಲಿಲ್ಲ. ಇಬ್ಬರ ಹೆಸರಿನ ನೆಲದಲ್ಲಿ ಒಬ್ಬನ ಅರ್ಧಕ್ಕೆ ಪೂರ್ತಿ ಬೆಲೆಯ ಅರ್ಧ ಸಿಗುವುದಿಲ್ಲ. ಇನ್ನೊಬ್ಬ ಪಾಲುದಾರನ ಜೊತೆ ಏಗಲು ಯಾರು ದುಡ್ಡು ಕೊಟ್ಟು ಬರುತ್ತಾರೆ? ಆದ್ದರಿಂದ ತೆರಿಗೆ ಲೆಕ್ಕದಲ್ಲಿ ಆ ಅರ್ಧದ ಬೆಲೆಯನ್ನು ಇಳಿಸಬಹುದು. ಎಷ್ಟು ಇಳಿಸಬಹುದು ಎನ್ನುವುದು ಪಾಲುದಾರರ ಗುಣದ ಮೇಲೆ. ಹಾಲು ಸಕ್ಕರೆಯ ಹಾಗಿದ್ದರೆ ನೂರಕ್ಕೆ ಹದಿನೈದು. ಹಾವು ಮುಂಗುಸಿಯಾದರೆ ನಲವತ್ತು. ಜಗಳ ದೊಡ್ಡದಾದಷ್ಟೂ ತೆರಿಗೆ ಚಿಕ್ಕದು.

“ಆ ಮುದುಕಿ ಹೇಗೆ? ಜಗಳಗಂಟಿಯಾ?” ಎಂದು ಸ್ಟರ್ಜಿಸ್ ಕೇಳಿದ.

ಆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಿದ್ದು ಕೂಡ ಊರಿಗೆ ಗೊತ್ತಿಲ್ಲ ಎಂದ ಡೆಲ್ಮರ್.

“ವರದಿ ಬರೆಯೋದು ಊರಲ್ಲವಲ್ಲ, ನೀವು,” ಎಂದ ಸ್ಟರ್ಜಿಸ್. “ಹೋಗಿ ವಿಚಾರಿಸಿ. ನಲವತ್ತು ವರ್ಷದಲ್ಲಿ ಏನಾದ್ರೂ ಒಂದು ಆಗಿರ್ಲೇಬೇಕು.”

ವಿಚಾರಣೆ ನಡೆದದ್ದು ಲಿಬ್ಬಿಯ ಅಡುಗೆಮನೆಯಲ್ಲಿ. ಗಸಗಸೆ ಹೂರಣ ತುಂಬಿದ ಸಿಹಿ ಬನ್ನು, ಕೊಲಾಚೆ, ಮಾಡಿ, ಕಾಫಿ ಇಟ್ಟು, ಮೇಜಿನ ತುದಿಯಲ್ಲಿ ಕೈಕಟ್ಟಿ ಕೂತಿದ್ದಳು ಅವಳು. ಗೇಲೆನ್ ಡೆನ್ವರ್‌ನಿಂದ ಬಂದಿದ್ದ, ಡಾರ್ಲಾ ಒಮಾಹಾದಿಂದ. ಇಬ್ಬರೂ ಅತ್ತೆಯ ಎರಡು ಪಕ್ಕ ಕೂತು, ಸಣ್ಣ ಮಕ್ಕಳಿಗೆ ಔಷಧಿ ಕುಡಿಸುವ ದನಿಯಲ್ಲಿ ವಿಷಯ ಹೇಳಿದರು. ಸಣ್ಣ ಕಾಗದ, ಒಂದು ಸಹಿ, ಯಾರೂ ಓದುವುದಿಲ್ಲ, ವಾಷಿಂಗ್ಟನ್ನಿನ ಯಾವುದೋ ಕಪಾಟಿನಲ್ಲಿ ಬಿದ್ದಿರುತ್ತದೆ.

“ಎಮಿಲ್‌ಗೂ ನನಗೂ ಆಗ್ತಿರ್ಲಿಲ್ಲ ಅಂತ ಬರೀಬೇಕಾ?” ಎಂದು ಲಿಬ್ಬಿ ಕೇಳಿದಳು.

“ಹಾಗಲ್ಲ ಅತ್ತೆ. ನೀನು ಸ್ವಲ್ಪ ಮೊಂಡು ಅಂತ. ಹೊರಗಿನವರು ಯಾರಾದ್ರೂ ಅಪ್ಪನ ಪಾಲು ಕೊಂಡ್ರೆ ನೀನು ಯಾವುದಕ್ಕೂ ಒಪ್ಪಲ್ಲ, ನೀರು ಕೂಡ ಬಿಡಲ್ಲ ಅಂತ.” ಗೇಲೆನ್ ನಕ್ಕ. “ನಿಜವಾಗ್ಲೂ ನೀನು ಮೊಂಡೇ ಅಲ್ವಾ.”

ಡೆಲ್ಮರ್ ಪೆನ್ನು ತೆಗೆದ. ತಮ್ಮನ ಜೊತೆ ಯಾವತ್ತಾದರೂ ಮನಸ್ತಾಪ ಬಂದಿತ್ತೇ ಎಂದು ಕೇಳಿದ. ಲಿಬ್ಬಿ ಬಹಳ ಹೊತ್ತು ಯೋಚಿಸಿದಳು, ಕೇಳಿದವರಿಗೆ ನಿರಾಸೆ ಮಾಡಬಾರದು ಎನ್ನುವವಳ ಹಾಗೆ. ಕಡೆಗೆ ಒಂದು ಸಿಕ್ಕಿತು. ಎಪ್ಪತ್ತನಾಲ್ಕರಲ್ಲಿ ಅವಳನ್ನು ಕೇಳದೆ ಎಮಿಲ್ ಒಂದು ಹಸು ಮಾರಿಬಿಟ್ಟಿದ್ದ. ಕೆಂಚಿ, ಒಳ್ಳೆ ಹಸು. ಅವಳು ಮಾತು ಬಿಟ್ಟಿದ್ದಳು. ಎಷ್ಟು ದಿನ ಎಂದು ಡೆಲ್ಮರ್ ಕೇಳಿದ. ದಿನ ಅಲ್ಲ, ಮಧ್ಯಾಹ್ನದಿಂದ ರಾತ್ರಿ ಊಟದವರೆಗೆ ಎಂದಳು ಲಿಬ್ಬಿ. ಆಮೇಲೆ ಉಪ್ಪು ಬೇಕಿತ್ತು, ಕೇಳಲೇಬೇಕಾಯಿತು.

ವರದಿಯಲ್ಲಿ ಅದು ಏನಾಯಿತು ಗೊತ್ತೇ? ‘ಆಸ್ತಿಯ ವಿಲೇವಾರಿ ಕುರಿತು ಸಹಮಾಲೀಕರ ನಡುವೆ ತೀವ್ರ ಭಿನ್ನಾಭಿಪ್ರಾಯವಿದ್ದು, ಕನಿಷ್ಠ ಎಪ್ಪತ್ತನಾಲ್ಕನೇ ಇಸವಿಯಿಂದ ಮಾತುಕತೆ ಮುರಿದುಬಿದ್ದ ನಿದರ್ಶನಗಳಿವೆ. ಸಹಮಾಲೀಕಳು ಯಾವ ಹೊಂದಾಣಿಕೆಗೂ ಬಗ್ಗದ ಸ್ವಭಾವದವಳು.’ ಬರೆದದ್ದು ಡೆಲ್ಮರ್. ಒಂದು ಹಸುವನ್ನು ಉಜ್ಜಿ ಉಜ್ಜಿ ಇಪ್ಪತ್ತೈದು ವರ್ಷದ ದ್ವೇಷ ಮಾಡಿದ. ಅದರ ಕೆಳಗೆ, ಇದೆಲ್ಲ ನಿಜ, ಹೊರಗಿನವರಿಗೆ ಬಾವಿಯ ನೀರನ್ನೂ ಬಿಡುವುದಿಲ್ಲ ಎಂದು ಲಿಬ್ಬಿಯ ಹೇಳಿಕೆ, ನೋಟರಿಯ ಮುದ್ರೆ.

“ಅವನ ಮಕ್ಕಳಿಗೆ ನಾಲ್ಕು ಕಾಸು ಉಳಿಯತ್ತೆ ಅಂದ್ರೆ, ನಾನೊಬ್ಬಳು ಮೊಂಡಿ ಅನ್ನಿಸಿಕೊಂಡ್ರೆ ಏನು ಸವೆದುಹೋಗ್ತೀನಾ,” ಎನ್ನುತ್ತಾ ಅವಳು ಸಹಿ ಹಾಕಿದಳು. ಆ ದಿನ ಡೆಲ್ಮರ್ ಮೂರು ಕೊಲಾಚೆ ತಿಂದ. ಆಮೇಲೆ ಅದನ್ನು ನೆನೆದಾಗಲೆಲ್ಲ ಅವನಿಗೆ ವಾಕರಿಕೆ ಬರುತ್ತಿದ್ದದ್ದು ವರದಿಗಿಂತ ಹೆಚ್ಚಾಗಿ ಆ ಮೂರನೆಯದರಿಂದ. ಎರಡಕ್ಕೆ ಸಾಕೆಂದಿದ್ದ, ಲಿಬ್ಬಿ ಇನ್ನೊಂದು ತಟ್ಟೆಗೆ ಹಾಕಿದಳು, ಅವನು ತಿಂದ.

ಡಿಸೆಂಬರಿನಲ್ಲಿ ಲೆಕ್ಕ ವಾಷಿಂಗ್ಟನ್ನಿಗೆ ಹೋಯಿತು, ನೂರಕ್ಕೆ ನಲವತ್ತು ರಿಯಾಯಿತಿಯೊಂದಿಗೆ. ತೆರಿಗೆ ಅರ್ಧಕ್ಕಿಂತ ಕೆಳಗೆ ಬಂತು. ಮುಂದಿನ ಬೇಸಿಗೆಯಲ್ಲಿ ಸರ್ಕಾರದಿಂದ ಪತ್ರ ಬಂತು: ಒಪ್ಪಿದ್ದೇವೆ, ಈ ಲೆಕ್ಕ ಮುಗಿಯಿತು. ಆ ಪತ್ರ ಬರುವವರೆಗೆ ಮಕ್ಕಳಿಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಬಂದ ಹತ್ತು ದಿನಕ್ಕೆ ಗೇಲೆನ್‌ನ ಹೊಸ ಟ್ರಕ್ಕು ಅತ್ತೆಯ ಅಂಗಳದಲ್ಲಿ ನಿಂತಿತ್ತು. ಹಂದಿ ಸಾಕುವ ದೊಡ್ಡ ಕಂಪನಿಯೊಂದು ನೆಲ ಕೇಳುತ್ತಿದೆ. ಅರ್ಧ ಅಲ್ಲ, ಪೂರ್ತಿ. ಬಾವಿಯ ಸಮೇತ, ಅಂದರೆ ಮನೆಯ ಸಮೇತ. ಐದು ಸಾವಿರ ಹಂದಿಗಳ ಶೆಡ್ಡು ಬರುತ್ತದೆ.

ಲಿಬ್ಬಿ ಬೇಡವೆಂದಳು. ಕೂಗಾಡಲಿಲ್ಲ. ನಾನಿರುವವರೆಗೆ ಇಲ್ಲಿರುತ್ತೇನೆ, ಆಮೇಲೆ ನನ್ನ ಪಾಲೂ ನಿಮ್ಮದೇ, ಹಂದಿಯಾದರೂ ಸಾಕಿ ಆನೆಯಾದರೂ ಸಾಕಿ ಎಂದಳು. ಎಪ್ಪತ್ತೊಂಬತ್ತರ ಮುದುಕಿ, ಇನ್ನೆಷ್ಟು ವರ್ಷ? ಆದರೆ ಕಂಪನಿ ಕಾಯುವುದಿಲ್ಲವಂತೆ. ಅತ್ತೆ ಸಾಯುವುದನ್ನು ಕಾಯುವಷ್ಟು ಪುರುಸೊತ್ತೂ ಆ ಮಕ್ಕಳಿಗೆ ಇರಲಿಲ್ಲ. ಪಾಲಿನ ದಾವೆ ಹೂಡಿದರು: ನೆಲ ಪೂರ್ತಿ ಮಾರಿ, ಬಂದ ಹಣ ಹಂಚಿಕೊಡಿ. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ.

ಲಿಬ್ಬಿಯ ಕಡೆ ನಿಂತ ಎಳೆಯ ವಕೀಲನಿಗೆ ದಾರಿ ಸುಲಭವಾಗಿ ಕಂಡಿತ್ತು. ನೆಲವನ್ನು ಎರಡು ಮಾಡಿ, ಮನೆಯಿರುವ ಅರ್ಧ ಅವಳಿಗೆ ಕೊಡಿ. ಬಾವಿ ಒಂದೇ ಆದರೇನು? ವಾರಕ್ಕೆ ಮೂರು ದಿನ ಇವರ ನೀರು, ಮೂರು ದಿನ ಅವರ ನೀರು. ನಲವತ್ತು ವರ್ಷ ಹೊಂದಿಕೊಂಡು ನಡೆಸಿದವಳು ಅವಳು. ಅದಕ್ಕೆ ಉತ್ತರವಾಗಿ ಸ್ಟರ್ಜಿಸ್ ತನ್ನ ಕಡತದಿಂದ ಡೆಲ್ಮರ್‌ನ ವರದಿ ತೆಗೆದ. ಹೊಂದಿಕೊಂಡು ನಡೆಸಿದವಳೇ? ಇಗೋ, ಅವಳೇ ಸಹಿ ಹಾಕಿದ್ದಾಳೆ. ನೀರು ಬಿಡುವುದಿಲ್ಲ ಎಂದು ಅವಳ ಬಾಯಿಂದಲೇ ಇದೆ. ಇಂಥವಳ ಜೊತೆ ಒಂದು ಬಾವಿ ಹಂಚಿಕೊಳ್ಳುವುದು ಯಾರಿಂದಾದೀತು?

ಡೆಲ್ಮರ್‌ಗೆ ಸಾಕ್ಷಿ ಹೇಳಲು ಸಮನ್ಸು ಬಂತು.  ಯಾರನ್ನು ಬೈಯುವುದು? ಆ ಮಕ್ಕಳನ್ನು ಬೈದ, ಸ್ಟರ್ಜಿಸ್‌ನನ್ನು ಬೈದ, ಜಗಳಕ್ಕೆ ರಿಯಾಯಿತಿ ಕೊಡುವ ಕಾನೂನನ್ನು ಬೈದ, ಆದರೆ ಯಾರ ಹೆಸರು ಹಿಡಿದು ಹೊರಟರೂ ಕಡೆಗೆ ತನ್ನ ಅಂಗಳಕ್ಕೇ ಬಂದು ನಿಲ್ಲುತ್ತಿದ್ದ. ಒಂದು ವಾರ ಸರಿಯಾಗಿ ಉಣ್ಣಲಿಲ್ಲ. ವಾರದ ಕೊನೆಗೆ ಹೆಂಡತಿಗೆ ಹೇಳಿದ: ನಿಜ ಹೇಳಿಬಿಡುತ್ತೇನೆ. ವರದಿ ಸುಳ್ಳು, ಹಸುವಿನ ಮಾತು ಬಿಟ್ಟರೆ ಏನೂ ಇರಲಿಲ್ಲ, ಮುದುಕಿಯಿಂದ ಸಹಿ ಹಾಕಿಸಿಕೊಂಡೆವು. ಲೈಸೆನ್ಸು ಹೋಗುತ್ತಲ್ಲ ಎಂದಳು ಅವಳು. ಹೋಗಲಿ ಎಂದ. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಅವಳು ಅವನನ್ನು ಸ್ವಲ್ಪ ಹೊತ್ತು ದಿಟ್ಟಿಸಿ ನೋಡಿದಳು.

ಫೆಬ್ರವರಿಯಲ್ಲಿ ವಿಚಾರಣೆ. ಕೋರ್ಟಿನ ಮೆಟ್ಟಿಲ ಮೇಲೆಲ್ಲ ಹಿಮ ಗಟ್ಟಿಯಾಗಿತ್ತು. ಡೆಲ್ಮರ್ ದಾರಿಯುದ್ದಕ್ಕೂ ಟ್ರಕ್ಕಿನಲ್ಲಿ ಒಬ್ಬನೇ ಬಾಯಿಪಾಠ ಮಾಡಿಕೊಂಡು ಬಂದು, ಹಿಂದಿನ ಬೆಂಚಿನಲ್ಲಿ ಕೂತ. ಎಡಗಡೆ ಗೇಲೆನ್, ಡಾರ್ಲಾ. ಡಾರ್ಲಾ ಕರವಸ್ತ್ರ ಹಿಡಿದುಕೊಂಡಿದ್ದಳು, ಶವಸಂಸ್ಕಾರದ ದಿನ ಹಿಡಿದಿದ್ದ ಹಾಗೆಯೇ. ಬಲಗಡೆ ಲಿಬ್ಬಿ, ಚರ್ಚಿಗೆ ಹಾಕುವ ನೀಲಿ ಕೋಟಿನಲ್ಲಿ. ಮೊದಲು ಕರೆದದ್ದು ಅವಳನ್ನು. ಸ್ಟರ್ಜಿಸ್ ಕಾಗದವನ್ನು ಅವಳ ಮುಂದಿಟ್ಟು, ಸಹಿ ನಿಮ್ಮದೇ ಎಂದು ಕೇಳಿದ. ನನ್ನದೇ ಎಂದಳು. ಒಳಗಿರುವುದು ನಿಜವೇ ಎಂದು ಕೇಳಿದ.

ಇಲ್ಲ ಎನ್ನಬೇಕೆಂದು ಅವಳ ವಕೀಲ ಅವಳಿಗೆ ಹೇಳಿಕೊಟ್ಟಿದ್ದ. ಲಿಬ್ಬಿ ಎಡಗಡೆ ಬೆಂಚಿನತ್ತ ನೋಡಿದಳು. ಆ ಇಬ್ಬರೂ ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು.

“ನಿಜ,” ಎಂದಳು. “ಒಂದಕ್ಷರವೂ ಸುಳ್ಳಿಲ್ಲ. ನಾನು ಮೊಂಡಿ. ನನ್ನ ಜೊತೆ ಬಾಳೋದು ಕಷ್ಟ. ನಾನೂ ಎಮಿಲ್ಲೂ ಎಷ್ಟೋ ವರ್ಷದಿಂದ ಸರಿಯಾಗಿ ಮಾತಾಡ್ತಿರ್ಲಿಲ್ಲ.”

ಅವಳ ವಕೀಲ ಬರೆದಿಟ್ಟುಕೊಂಡಿದ್ದ ಪ್ರಶ್ನೆಗಳ ಹಾಳೆಯನ್ನು ಮಡಚಿದ. ಸ್ಟರ್ಜಿಸ್ ವಂದಿಸಿ, ಇನ್ನು ಬೇರೆ ಸಾಕ್ಷಿ ಬೇಕಿಲ್ಲ, ಮಿಸ್ಟರ್ ವೊಸಿಕರಿಗೆ ಸುಮ್ಮನೆ ತೊಂದರೆ ಕೊಡುವುದಿಲ್ಲ ಎಂದ. ಹಿಂದಿನ ಬೆಂಚಿನಿಂದ ಎದ್ದು ನಿಲ್ಲಬಹುದಿತ್ತು ಡೆಲ್ಮರ್. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಳ್ಳುವಷ್ಟು ಸಮಯವೂ ಸಿಕ್ಕಿತು. ಅವನು ಏಳಲಿಲ್ಲ. ಅವನಿಗೆ ಮೊದಲು ಬಂದದ್ದು ನೆಮ್ಮದಿ. ಲೈಸೆನ್ಸು ಉಳಿಯಿತು ಎಂಬ ನೆಮ್ಮದಿ. ಆ ನೆಮ್ಮದಿಯ ಹಿಂದೆಯೇ ತನ್ನ ಮೇಲೆ ಹೇಸಿಗೆ ಬಂತು, ಆದರೆ ಹಿಂದೆ ಬಂದದ್ದು ಹಿಂದೆಯೇ. ನೆಲವನ್ನು ಬಾವಿ, ಮನೆ ಸಮೇತ ಒಟ್ಟಾಗಿ ಮಾರಬೇಕೆಂದು ಆಜ್ಞೆಯಾಯಿತು. ಮುದುಕಿಗೆ ಮನೆ ಬಿಡಲು ಅರವತ್ತು ದಿನ. ಇನ್ನು ಎಮಿಲ್‌ನ ಅರ್ಧಕ್ಕೆ ಹಂದಿ ಕಂಪನಿಯಿಂದ ಪೂರ್ತಿ ಬೆಲೆಯ ಸರಿಯಾದ ಅರ್ಧ ಬರುತ್ತದೆ, ಒಂದು ಕಾಸೂ ಕಡಿಮೆಯಿಲ್ಲದೆ.

ಹೊರಗೆ ಮೊಗಸಾಲೆಯಲ್ಲಿ ಗೇಲೆನ್ ಅವನ ಕೈ ಹಿಡಿದು ಕುಲುಕಿದ. ಒಳ್ಳೆ ಕೆಲಸ ಮಾಡಿದ್ದೀರಿ, ನಮ್ಮ ಮಾವನಿಗೂ ಈಗ ಹುಷಾರಿಲ್ಲ, ನಿಮ್ಮ ಹೆಸರು ಹೇಳುತ್ತೇನೆ ಎಂದ. ಆ ಅಂಗೈ ಬೆಚ್ಚಗೆ ಒದ್ದೆಯಾಗಿತ್ತು. ಡೆಲ್ಮರ್ ಬಿಡಿಸಿಕೊಂಡು ಕೈಯನ್ನು ಪ್ಯಾಂಟಿಗೆ ಒರೆಸಿದ, ಗೇಲೆನ್ ನೋಡುತ್ತಿದ್ದಂತೆಯೇ ಒರೆಸಿದ. ಗೇಲೆನ್‌ಗೆ ಅರ್ಥವಾಗಲಿಲ್ಲ, ಅಥವಾ ಅರ್ಥವಾಗಿಯೂ ಏನೂ ಅನ್ನಿಸಲಿಲ್ಲ.

ಲಿಬ್ಬಿ ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತು, ಬೂಟಿನ ಮೇಲೆ ರಬ್ಬರಿನ ಹೊದಿಕೆ ಎಳೆದುಕೊಳ್ಳುತ್ತಿದ್ದಳು. ಬಗ್ಗಿದರೆ ಕೈ ಎಟುಕುತ್ತಿರಲಿಲ್ಲ. ಡೆಲ್ಮರ್ ಮಂಡಿಯೂರಿ ಎಳೆದುಕೊಟ್ಟ.

“ನಿನ್ನ ಮುಖ ನೋಡಿದೆ,” ಎಂದಳು ಅವಳು, ತಗ್ಗಿದ ದನಿಯಲ್ಲಿ. “ನಿಜ ಹೇಳೋಕೆ ಬಂದಿದ್ದೆ, ಅಲ್ವಾ?”

“ಹೌದು. ನೀವು ಯಾಕೆ ಹಾಗೆ ಹೇಳಿದ್ರಿ, ಲಿಬ್ಬಿ?”

“ಡಾರ್ಲಾ ಬಂದಿದ್ಲು ಮೊನ್ನೆ. ಅತ್ತಳು ಪಾಪ. ಆ ಕಾಗದ ಸುಳ್ಳು ಅಂತ ಕೋರ್ಟಲ್ಲಿ ಆಗಿಬಿಟ್ರೆ ಸರ್ಕಾರದೋರು ಮತ್ತೆ ಕಡತ ತೆಗೀತಾರಂತೆ. ಇಬ್ಬರನ್ನೂ ಜೈಲಿಗೆ ಹಾಕ್ತಾರಂತೆ.” ಅವಳು ಇನ್ನೊಂದು ಕಾಲು ಮುಂದೆ ಚಾಚಿದಳು. “ಮನೆ ಏನು ಮಹಾ, ಡೆಲ್ಮರ್. ಎಮಿಲ್ ಮಕ್ಕಳನ್ನ ನನ್ನ ಕೈಗೆ ಕೊಟ್ಟಿದ್ದ.”

ಡೆಲ್ಮರ್‌ನ ಕೈ ಆ ರಬ್ಬರಿನ ಮೇಲೆ ಹಾಗೆಯೇ ನಿಂತಿತು. ಅವನಿಗೆ ಗೊತ್ತಿತ್ತು. ಇಂಥ ಲೆಕ್ಕಕ್ಕೆ ನಮ್ಮ ಕಡೆ ಒಬ್ಬನೂ ಜೈಲಿಗೆ ಹೋದದ್ದನ್ನು ಮೂವತ್ತು ವರ್ಷದಲ್ಲಿ ಅವನು ಕಂಡಿರಲಿಲ್ಲ. ಕಡತ ತೆಗೆದರೆ ಬಿಟ್ಟ ತೆರಿಗೆ ಕಟ್ಟಿಸಿಕೊಳ್ಳುತ್ತಾರೆ, ಅದರ ಮೇಲೆ ದಂಡ, ಬಡ್ಡಿ. ವಕೀಲರು ಎದುರುಬದುರು ಕೂತು ಒಂದು ಮಧ್ಯಾಹ್ನದಲ್ಲಿ ಮುಗಿಸುವ ಕೆಲಸ. ಗೇಲೆನ್ ಆ ಹೊಸ ಟ್ರಕ್ಕನ್ನೂ ನದಿಯಾಚೆಯ ಒಂದು ತುಂಡು ನೆಲವನ್ನೂ ಮಾರಿದ್ದರೆ ಸಾಕಿತ್ತು. ಇದು ಡಾರ್ಲಾಗೂ ಗೊತ್ತಿತ್ತು. ಸ್ಟರ್ಜಿಸ್ ಹೇಳದೆ ಇರುವುದಿಲ್ಲ. ಗೊತ್ತಿದ್ದೇ ಹೋಗಿ, ಆ ಅಡುಗೆಮನೆಯಲ್ಲಿ ಕೂತು, ಕಾಫಿ ಕುಡಿದು, ಅತ್ತಿದ್ದಳು.  ಈಗಲೂ ನಿಜ ಹೇಳಬಹುದು, ಮೇಲ್ಮನವಿಗೆ ಮೂವತ್ತು ದಿನವಿದೆ ಎನ್ನಲು ಡೆಲ್ಮರ್ ಬಾಯಿ ತೆರೆದ.

“ಎಷ್ಟು ವರ್ಷ ಹಾಕ್ತಿದ್ರು?” ಎಂದು ಅಷ್ಟರಲ್ಲಿ ಲಿಬ್ಬಿ ಕೇಳಿದಳು. “ನಿನಗೆ ಗೊತ್ತಿರ್ಬೇಕಲ್ಲ, ಇದೇ ಕೆಲಸ ನಿಂದು.”

ಅವನು ತಲೆಯೆತ್ತಿ ನೋಡಿದ. ಮನೆ ಕಳೆದುಕೊಂಡವಳ ಮುಖವಲ್ಲ ಅದು. ಮಗು ಆರಾಮಾಗಿದೆಯಂತಾ ಎಂದು ಆಸ್ಪತ್ರೆಯ ಬಾಗಿಲಲ್ಲಿ ಕೇಳುವವಳ ಮುಖ. ಅವಳಿಗೆ ಬೇಕಿದ್ದದ್ದು ಅದೊಂದೇ. ನಿಜ ಹೇಳಿದರೆ ಮನೆ ವಾಪಸು ಬಂದರೂ ಬರಬಹುದು, ಆದರೆ ಆ ಮಕ್ಕಳು ಎಂಥವರೆಂದು ಅವಳಿಗೆ ಇವತ್ತು ಗೊತ್ತಾಗುತ್ತದೆ; ನಲವತ್ತು ವರ್ಷ ಯಾರ ಮೂಗು ಒರೆಸಿದೆ ಎಂದು ಗೊತ್ತಾಗುತ್ತದೆ.

“ಐದು ವರ್ಷ,” ಎಂದ ಡೆಲ್ಮರ್.

“ತಲಾ?”

“ತಲಾ ಐದು.”

ಲಿಬ್ಬಿ ತುಟಿಯಲ್ಲೇ ಎಣಿಸಿ, ತಲೆದೂಗಿದಳು. “ಹತ್ತು ವರ್ಷ. ಹಾಗಾದ್ರೆ ನಾನೇನೂ ಜಾಸ್ತಿ ಕೊಡಲಿಲ್ಲ ಬಿಡು,” ಎಂದಳು. ಮೆಟ್ಟಿಲು ಜಾರುತ್ತದೆಂದು ಅವನ ತೋಳು ಹಿಡಿದುಕೊಂಡಳು.